ಗ್ರಿಲ್ ಗೇಟಿನ ಜಗಳ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಎರಡು ವರ್ಷ ಮಾಲೀಕರ ಸಂಘದ ಸೆಕ್ರೆಟರಿಯಾಗಿದ್ದೆ. ನೀರಿನ ಟ್ಯಾಂಕರ್ ಜಗಳ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಬಾಗಿಲಿನ ಜಗಳ ಮಾತ್ರ ಎಂಟು ತಿಂಗಳು ಎಳೆಯಿತು.

ಮೂರನೇ ಮಹಡಿಯವರು ಕಳ್ಳರ ಭಯಕ್ಕೆ ಮುಂಬಾಗಿಲ ಹೊರಗೊಂದು ಕಬ್ಬಿಣದ ಗ್ರಿಲ್ ಗೇಟು ಹಾಕಿಸಿದರು. ಯಾರನ್ನೂ ಕೇಳಲಿಲ್ಲ. ಗೇಟು ಪ್ಯಾಸೇಜಿನ ಕಡೆಗೆ ತೆರೆಯುತ್ತಿತ್ತು. ಅದು ತೆರೆದಾಗಲೆಲ್ಲ ಎದುರು ಮನೆಯ ಅಜ್ಜಿ ವಾಕರ್ ಹಿಡಿದು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ನೋಟಿಸು ಕೊಟ್ಟೆವು. "ಬಾಗಿಲು ನಂದು, ದುಡ್ಡು ನಂದು. ಮೊದಲು ನಿಮ್ಮ ಅಧ್ಯಕ್ಷರ ಚಪ್ಪಲಿ ಸ್ಟ್ಯಾಂಡು ಎಲ್ಲಿದೆ ನೋಡಿ" ಅಂದರು. ಅದು ಪ್ಯಾಸೇಜಿನಲ್ಲೇ ಇತ್ತು! ನಮ್ಮ ನೋಟಿಸಿಗೆ ಮೂರು ಕಾಸಿನ ಬೆಲೆ ಉಳಿಯಲಿಲ್ಲ.

ಕಾನೂನು ನಮ್ಮ ಕಡೆಗೇ ಇತ್ತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಟ್ಟ ಕಟ್ಟಡಗಳಲ್ಲಿ ಪ್ಯಾಸೇಜು, ಮೆಟ್ಟಿಲು, ಲಾಬಿ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ್ದು. ಬೈಲಾ, ಅಂದರೆ ಸಂಘದ ನಿಯಮ, ಮೀರಿದವರ ಮೇಲೆ ಸಂಘವೇ ಕೋರ್ಟಿಗೆ ಹೋಗಬೇಕೆಂದೇನಿಲ್ಲ, ತೊಂದರೆಗೊಳಗಾದ ಮಾಲೀಕರೂ ಹೋಗಬಹುದು. ಆದರೆ ಕೋರ್ಟಿಗೆ ಅಲೆದು ಬಂದ ಮೇಲೂ ಅದೇ ಲಿಫ್ಟಿನಲ್ಲಿ ಮುಖ ನೋಡಬೇಕು, ಅಲ್ವಾ?

ಒಂದು ಭಾನುವಾರ ಅಳತೆ ಟೇಪು ಹಿಡಿದುಕೊಂಡು ಮೂರನೇ ಮಹಡಿಯವರ ಮನೆಗೇ ಹೋದೆ. ಪ್ಯಾಸೇಜು ಐದಡಿ. ಗೇಟು ಮೂರಡಿ. ತೆರೆದರೆ ಉಳಿಯುವುದು ಎರಡೇ ಅಡಿ. ತೆರೆದ ಬಾಗಿಲು ಮೆಟ್ಟಿಲ ಮುಂದಿನ ಜಾಗವನ್ನು 900 ಮಿಲಿಮೀಟರಿಗಿಂತ ಕಡಿಮೆ ಮಾಡಬಾರದು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅಂದರೆ ಸುಮಾರು ಮೂರಡಿ. ಟೇಪಿನ ಇನ್ನೊಂದು ತುದಿ ಅವರ ಕೈಯಲ್ಲೇ ಇತ್ತು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅವರೇ ವೆಲ್ಡಿಂಗ್‌ನವನಿಗೆ ಫೋನ್ ಮಾಡಿದರು. ಅವನು ಗೇಟನ್ನು ಒಂದೂವರೆ ಅಡಿಯ ಎರಡು ಕದ ಮಾಡಿಕೊಟ್ಟ. ಈಗ ತೆರೆದರೂ ಮೂರೂವರೆ ಅಡಿ ಉಳಿಯುತ್ತದೆ. ಖರ್ಚು ಅವರದೇ.

ವಾಸ್ತು ಅಂತ ಬಾಗಿಲನ್ನೇ ಪಕ್ಕಕ್ಕೆ ಸರಿಸುವವರ ಕಥೆ ಬೇರೆ. ಕಂಬ, ತೊಲೆ ಎಲ್ಲಿದೆ ಅಂತ ಇಂಜಿನಿಯರ್ ನೋಡದೆ ಗೋಡೆಗೆ ಸುತ್ತಿಗೆ ಬೀಳಬಾರದು. ಅಲ್ಲಿ ರಾಜಿಯ ಮಾತೇ ಇಲ್ಲ. ಹಾಗಂತ ಮಾವಿನ ತೋರಣಕ್ಕೂ ರಂಗೋಲಿಗೂ ಸುಮ್ನೆ ನೋಟಿಸು ಕೊಡುವುದು ಜಾಸ್ತಿಯಾಯಿತು.

ಅಧ್ಯಕ್ಷರ ಚಪ್ಪಲಿ ಸ್ಟ್ಯಾಂಡು ಆ ಭಾನುವಾರ ಸಂಜೆಯೇ ಒಳಗೆ ಹೋಯಿತು. ಅವರ ಮನೆಯವರು ಇವತ್ತಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ನಮಸ್ಕಾರ.