ತಾಯಿಯ ಚಿತ್ರದಲ್ಲಿ ತಾಯಿ ಎತ್ತ ನೋಡುತ್ತಿದ್ದಾಳೆ?

ಕೇಳುಗರಿಗೆ ನಮಸ್ಕಾರ.

ತಾಯಿ-ಮಗುವಿನ ಚಿತ್ರ ನೋಡದವರು ಯಾರಿದ್ದೀರಿ? ಕ್ಯಾಲೆಂಡರಿನ ಯಶೋದೆ-ಕೃಷ್ಣನಿಂದಲೇ ಶುರು. ಆದರೆ ನಮ್ಮ ಕಣ್ಣು ನೇರ ಮಗುವಿನ ಮೇಲೆ ಹೋಗುತ್ತೆ, ಅಲ್ವಾ? ಇವತ್ತು ನಾನು ಹೇಳೋದು ಒಂದೇ ಮಾತು. ಮೊದಲು ತಾಯಿಯ ಕಣ್ಣು ನೋಡಿ. ಅವಳು ಎತ್ತ ನೋಡುತ್ತಿದ್ದಾಳೆ ಅಂತ ನೋಡಿ. ‘ಮಾಡರ್ನ್ ಪೇಂಟಿಂಗ್ ನಮಗೆ ಅರ್ಥ ಆಗಲ್ಲ’ ಅನ್ನೋದನ್ನ ದಯವಿಟ್ಟು ಬಿಡಿ. ಕಣ್ಣು ಎತ್ತ ತಿರುಗಿದೆ ಅಂತ ತಿಳಿಯೋಕೆ ಯಾವ ಡಿಗ್ರಿಯೂ ಬೇಡ.

ರಾಜಾ ರವಿವರ್ಮ 1893ರಲ್ಲಿ ಒಂದು ಚಿತ್ರ ಬರೆದರು. ಮಗುವನ್ನು ಎತ್ತಿಕೊಂಡ ತಾಯಿ ‘ಅಗೋ, ಅಪ್ಪ ಬಂದ್ರು’ ಅಂತ ಕೈ ತೋರಿಸುತ್ತಾಳೆ. ಅಪ್ಪ ಚಿತ್ರದಲ್ಲಿಲ್ಲ. ಆದರೂ ಇಡೀ ಚಿತ್ರ ಅವರಿಗಾಗಿಯೇ ಕಾಯುತ್ತಿದೆ. ಬಹಳ ಚೆಂದದ ಚಿತ್ರ, ಒಪ್ಪುತ್ತೇನೆ. ಆದರೆ ಆ ತಾಯಿಗೆ ತನ್ನದು ಅಂತ ಒಂದು ನೋಟ ಎಲ್ಲಿದೆ?

ದಾವಣಗೆರೆಯಲ್ಲಿ ವಿದ್ಯಾರ್ಥಿಗಳ ಒಂದು ಚಿತ್ರಪ್ರದರ್ಶನ ನಡೆದಿತ್ತು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ತಾಯಿಯನ್ನು ಮಗಳು ಚಿತ್ರದಲ್ಲಿ ಬರೆದಿದ್ದಳು. ಹೊಗೆ ಹಿಡಿದು ಕಪ್ಪಾದ ಗೋಡೆ, ಉರಿಯೋ ಒಲೆ, ಬಾಣಲಿಯಲ್ಲಿ ಕಾದ ಮರಳು. ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂಸು. ತಾಯಿಯ ಕಣ್ಣು ಬಾಣಲಿ ಮೇಲೆ. ಬಂದವರೊಬ್ಬರು, ಓದಿದವರೇ, ‘ತಾಯಿ ಅಂದಮೇಲೆ ಮಗುವಿನ ಕಡೆ ನೋಡಬೇಕಲ್ಲಮ್ಮ, ಮಮತೆನೇ ಕಾಣ್ತಿಲ್ಲ’ ಅಂದರು. ಹುಡುಗಿ ತಲೆ ತಗ್ಗಿಸಿದಳು. ಪಕ್ಕದಲ್ಲೇ ಅವಳ ತಾಯಿ ನಿಂತಿದ್ದರು. ಸೆರಗು ಸರಿ ಮಾಡಿಕೊಂಡು ಹೇಳಿದರು: ‘ಅಲ್ಲ ಸಾರ್, ಕೂಸಿನ ಮಕ ನೋಡ್ಕಂತ ನಿಂತ್ರೆ ಕೈ ಸುಟ್ಕಂತೀವಿ. ಕಿವಿ ಕೂಸಿನ ಕಡಿಗೇ ಇರ್ತತಿ.’

ನಾನು ಮತ್ತೆ ಹೋಗಿ ಚಿತ್ರ ನೋಡಿದೆ. ಹೌದು! ತಾಯಿಯ ತಲೆ ಒಂಚೂರು ಕೂಸಿನ ಕಡೆಗೆ ವಾಲಿತ್ತು. ಕಿವಿಯ ಹತ್ತಿರ ಕೂದಲು ಹಿಂದಕ್ಕೆ ಸರಿಸಿತ್ತು. ಆ ಹುಡುಗಿ ಅದನ್ನು ಸುಮ್ನೆ ಬರೆದಿರಲಿಲ್ಲ. ಮನೆಯಲ್ಲಿ ದಿನಾ ಕಂಡಿದ್ದಳು. ಹೆಣ್ಣುಮಕ್ಕಳು ತಾವೇ ಕುಂಚ ಹಿಡಿದಾಗ ಆಗೋದು ಇದೇ. ತಾಯಿಗೆ ಮಮತೆಯ ಜೊತೆ ಕೆಲಸ, ಸುಸ್ತು, ಸಿಟ್ಟು ಎಲ್ಲಾ ವಾಪಸ್ ಬರುತ್ತೆ.

ಸಮಯ ಕಡಿಮೆ ಇದೆ, ಹೀಗೆ ಕುಂಚ ಹಿಡಿದ ಇನ್ನೂ ಮೂವರು ಕಲಾವಿದೆಯರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಜರ್ಮನಿಯ ಪೌಲಾ ಮೋಡರ್ಸೋನ್-ಬೆಕರ್ 1906ರಲ್ಲಿ ತನ್ನನ್ನೇ ಬಸುರಿಯ ಹಾಗೆ ಬರೆದುಕೊಂಡಳು. ಆಗ ಅವಳು ಬಸುರಿ ಆಗಿರಲಿಲ್ಲ. ಕೈ ಹೊಟ್ಟೆಯ ಮೇಲೆ, ಕಣ್ಣು ನೇರ ನಮ್ಮ ಮೇಲೆ. ಮರುವರ್ಷ ಹೆರಿಗೆಯಾದ ಕೆಲವೇ ವಾರಕ್ಕೆ ತೀರಿಕೊಂಡಳು. ಮೆಕ್ಸಿಕೋದ ಫ್ರೀಡಾ ಕಾಹ್ಲೋ 1932ರಲ್ಲಿ ಗರ್ಭ ಕಳೆದುಕೊಂಡ ತನ್ನನ್ನು ಆಸ್ಪತ್ರೆಯ ಮಂಚದ ಮೇಲೆ ಬರೆದಳು. ಕೆನ್ನೆ ಮೇಲೆ ದೊಡ್ಡದೊಂದು ಕಣ್ಣೀರಿನ ಹನಿ. ಮಡಿಲಲ್ಲಿ ಮಗು ಇಲ್ಲದ ಆ ಚಿತ್ರವೂ ತಾಯ್ತನದ ಚಿತ್ರವೇ. ದೆಹಲಿಯ ಅರ್ಪಿತಾ ಸಿಂಗ್ ವಯಸ್ಸಾದ ಹೆಂಗಸರ ಮೈಯನ್ನು ಯಾವ ಸಂಕೋಚವೂ ಇಲ್ಲದೆ ಬರೆದಿದ್ದಾರೆ.

ಚಿತ್ರದುರ್ಗದವರಿಗೆ ಕೊನೆಗೊಂದು ಮಾತು. ಓಬವ್ವನ ಚಿತ್ರ ನಮ್ಮೂರಲ್ಲಿ ಬೇಕಾದಷ್ಟಿವೆ. ಎಲ್ಲರೂ ಒನಕೆ ನೋಡುತ್ತೇವೆ. ಇನ್ನು ಮೇಲೆ ಅವಳ ಕಣ್ಣು ನೋಡಿ. ಬರೆದವರು ಅವಳಿಗೆ ಬರೀ ಆವೇಶ ಕೊಟ್ಟಿದ್ದಾರಾ, ಭಯವನ್ನೂ ಕೊಟ್ಟಿದ್ದಾರಾ? ನಿಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಿ ಕೇಳಿ. ನಮಸ್ಕಾರ.