ಮೊದಲು ಚಟ ಬಿಡಲಿ, ಆಮೇಲೆ ಗಾಯವೇ? ಸ್ವಲ್ಪ ತಡೀರಿ

ನಮಸ್ಕಾರ, ಬನ್ನಿ. ಇವತ್ತು ಬೇರೆ ಏನೋ ಮಾತಾಡಬೇಕು ಅಂತ ಬರೆದಿಟ್ಟುಕೊಂಡಿದ್ದೆ, ಅದು ಹಾಗೇ ಇರಲಿ. ಕಳೆದ ವಿಡಿಯೋ ಕೆಳಗೆ ಒಬ್ಬರು ಕಮೆಂಟ್ ಹಾಕಿದ್ದಾರೆ: "ಡ್ರಗ್ಸ್ ಚುಚ್ಚಿಕೊಂಡು ಕೈ ಕೊಳೆಸಿಕೊಂಡವರಿಗೆ ಚಿಕಿತ್ಸೆ ಯಾಕೆ? ಮೊದಲು ಚಟ ಬಿಡಲಿ." ಅದಕ್ಕೆ ಲೈಕ್‌ಗಳ ಸುರಿಮಳೆ. ನನ್ನ ವಿಡಿಯೋಗೆ ಅಷ್ಟು ಬಂದಿಲ್ಲ, ಅದು ಬೇರೆ ಹೊಟ್ಟೆಉರಿ!

ನಾನು ಹೇಳುವುದು ಒಂದೇ. ನಶೆ ಇಳಿಯುವಾಗಿನ ಕಾಟಕ್ಕೆ ಮದ್ದು ಕೊಡದೆ ಆ ಕೈಯ ಗಾಯ ವಾಸಿ ಮಾಡುವುದು ತುಂಬಾ ಕಷ್ಟ. ಯಾಕೆ ಅಂದರೆ, ಹೆರಾಯಿನ್ ಬಳಸುವವರಿಗೆ ಕೊನೆಯ ಡೋಸ್ ಆಗಿ 8ರಿಂದ 24 ಗಂಟೆಯೊಳಗೆ ವಿತ್‌ಡ್ರಾವಲ್, ಅಂದರೆ ಈ ಕಾಟ, ಶುರುವಾಗುತ್ತದೆ. ಬೆವರು, ಆಕಳಿಕೆ, ಮೂಗು ಸೋರುವುದು, ವಾಂತಿ, ಭೇದಿ, ಮೈಯೆಲ್ಲ ನೋವು. ಇಂಥ ರೋಗಿಯನ್ನು ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರಿಸಿದರೆ ಅವನು ಎದ್ದು ಹೋಗುತ್ತಾನೆ. ಅರ್ಧ ಡ್ರೆಸ್ಸಿಂಗ್ ಆದ ಕೈ ಹಿಡಿದುಕೊಂಡೇ ಹೋಗುತ್ತಾನೆ. ಆಮೇಲೆ ಚೀಟಿಯಲ್ಲಿ ಏನು ಬರೆಯುತ್ತಾರೆ? "ರೋಗಿ ಸಹಕರಿಸಲಿಲ್ಲ." ಅಬ್ಬಾ!

ಮೆಥಡೋನ್, ಬ್ಯುಪ್ರೆನಾರ್ಫಿನ್ ಅಂತ ಮದ್ದುಗಳಿವೆ, ಹೆರಾಯಿನ್ ಜಾತಿಯವೇ, ಆದರೆ ಈ ವಿತ್‌ಡ್ರಾವಲ್ ತಗ್ಗಿಸುತ್ತವೆ. 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿ ಪಟ್ಟಿಯಲ್ಲಿವೆ. ಅದನ್ನು ಸರಿಯಾಗಿ ಕೊಟ್ಟರೆ ಮನುಷ್ಯ ಕೂರುತ್ತಾನೆ, ಕೈ ಚಾಚುತ್ತಾನೆ, ನಾಳೆ ಮತ್ತೆ ಬರುತ್ತಾನೆ. ಗಾಯಕ್ಕೆ ಬೇಕಿರುವುದು ಆ ನಾಳೆಯೇ ಅಲ್ವಾ? "ಚಟಕ್ಕೆ ಚಟವನ್ನೇ ಕೊಟ್ಟ ಹಾಗಾಯ್ತು" ಅನ್ನುವವರು ಬಂದೇ ಬರುತ್ತಾರೆ, ಅವರಿಗೆ ಕುರ್ಚಿ ಹಾಕಿಟ್ಟಿದ್ದೇನೆ, ಕೂತು ಪೂರ್ತಿ ಕೇಳಲಿ.

ಈಗ ಗಾಯಕ್ಕೆ ಬರೋಣ. ಜೈಲಜೀನ್ ಅಂತ ಒಂದಿದೆ. ಪ್ರಾಣಿಗಳಿಗೆ ಮಂಪರು ಬರಿಸುವ ಮದ್ದು, ಮನುಷ್ಯರಿಗೆ ಅಲ್ಲ. ಅಮೆರಿಕದಲ್ಲಿ ಇದನ್ನು ಫೆಂಟಾನಿಲ್ ಅನ್ನುವ, ಹೆರಾಯಿನ್ ಜಾತಿಯದೇ ಆದ ಜೋರು ಡ್ರಗ್ ಜೊತೆ ಬೆರೆಸಿ ಮಾರುವುದು ಎಷ್ಟು ಜಾಸ್ತಿಯಾಯಿತು ಅಂದರೆ 2023ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಆ ಬೆರಕೆಯನ್ನು ಹೊಸ ಅಪಾಯ ಅಂತ ಘೋಷಿಸಿತು. ಇದರ ಗಾಯ ಚುಚ್ಚಿದ ಜಾಗದಲ್ಲೇ ಆಗಬೇಕು ಅಂತಿಲ್ಲ. ಮುಂಗೈ ಮೇಲೆ, ಕಾಲಿನ ಮೇಲೆ, ಎಲ್ಲೋ ಒಂದು ಕಡೆ ಎದ್ದು ಕಪ್ಪಗೆ ಗಟ್ಟಿಯಾಗುತ್ತದೆ. ಕಪ್ಪು ಕಂಡ ಕೂಡಲೇ ಕೈ ಕತ್ತರಿಸುವ ಮಾತು ಬೇಡ. ಕಪ್ಪಿದ್ದಲ್ಲೆಲ್ಲ ಸೋಂಕು ಇರುವುದಿಲ್ಲ, ಆಂಟಿಬಯೋಟಿಕ್ ಎಲ್ಲರಿಗೂ ಬೇಡ.

ಉಪಚಾರ ನೋಡಿದರೆ ಬಹಳ ಸಾದಾ. ಶುದ್ಧ ನೀರು ಇಲ್ಲವೇ ಸಲೈನ್‌ನಿಂದ ತೊಳೆಯಿರಿ. ಸ್ಪಿರಿಟ್ ಬೇಡ, ಹೈಡ್ರೋಜನ್ ಪೆರಾಕ್ಸೈಡ್ ಬೇಡ, ನೊರೆ ಬಂದರೆ ಕೆಲಸ ಆಗುತ್ತಿದೆ ಅಂತ ಖುಷಿಪಡಬೇಡಿ, ಹೊಸ ಚರ್ಮವೂ ಸಾಯುತ್ತದೆ. ವ್ಯಾಸಲಿನ್ ಹಚ್ಚಿ, ಅಂಟದ ಗಾಜ್, ಅಂದರೆ ಗಾಯಕ್ಕೆ ಇಡುವ ತೆಳು ಬಟ್ಟೆ, ಇಟ್ಟು, ಮೇಲೆ ಸಡಿಲವಾಗಿ ಬ್ಯಾಂಡೇಜು. ಬಿಚ್ಚುವಾಗ ಗಾಜ್ ಅಂಟಿದ್ದರೆ ಒಣಗಿದ್ದಂತೆಯೇ ಚರ್ರನೆ ಎಳೆಯಬೇಡಿ! ನೀರು ಬಿಟ್ಟು ನೆನೆಸಿ, ಒಂದು ಮೂಲೆಯಿಂದ ನಿಧಾನ ಬಿಡಿಸಿ. ಎಳೆದರೆ ಅಷ್ಟು ದಿನದಿಂದ ಬೆಳೆದ ಗುಲಾಬಿ ಪದರ ಗಾಜ್ ಜೊತೆಗೇ ಬರುತ್ತದೆ, ಅವನು ಇನ್ನು ನಿಮ್ಮ ಕಡೆ ತಲೆ ಹಾಕುವುದಿಲ್ಲ. ಒಂದೆರಡು ಡ್ರೆಸ್ಸಿಂಗ್ ಕೈಗೂ ಕೊಟ್ಟು ಕಳಿಸಿ.

ಕೀವು ತುಂಬಿದ ಬಾವು ಬೇರೆ ಕಥೆ, ಅದನ್ನು ಡಾಕ್ಟರ್ ಕೊಯ್ದು ಕೀವು ತೆಗೆಯಬೇಕು. ಬಾವು ನಾಡಿಯಂತೆ ಮಿಡಿಯುತ್ತಿದ್ದರೆ ಮಾತ್ರ ಯಾರೂ ಬ್ಲೇಡ್ ಇಡಬಾರದು, ಒಳಗೆ ಒಡೆದ ಅಪಧಮನಿ ಇರಬಹುದು. ಮುರಿದ ಸೂಜಿ ಒಳಗಿದ್ದರೂ ಇರಬಹುದು, ಮೊದಲೇ ಕೇಳಿ. ಟೆಟನಸ್ ಇಂಜೆಕ್ಷನ್ ಮರೆಯಬೇಡಿ. ಜ್ವರ, ಹರಡುವ ಕೆಂಪು, ಗಾಯಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ನೋವು, ಕಾಣುವ ಮೂಳೆ, ಇವು ಇದ್ದರೆ ಒಂದು ನಿಮಿಷ ಕಾಯದೆ ಎಮರ್ಜೆನ್ಸಿಗೆ.

ಆದರೆ ಇದೆಲ್ಲ ಯಾವಾಗ? ಅವನು ಕೂತಿದ್ದರೆ! ಅವನನ್ನು ಕೂರಿಸುವುದು ಹೇಗೆ? ಹೇಳಿದೆನಲ್ಲ, ವಿತ್‌ಡ್ರಾವಲ್‌ಗೆ ಮದ್ದು ಕೊಡಿ, ನೋವಿಗೆ ಮದ್ದು ಕೊಡಿ. "ಅವರು ನೋವು ಅಂತ ನಾಟಕ ಮಾಡುತ್ತಾರೆ." ಮೂಳೆ ಕಾಣುತ್ತಿದೆ ರೀ, ಮೂಳೆಯೂ ನಾಟಕ ಮಾಡುತ್ತಿದೆಯಾ?

ಇನ್ನೊಂದು, "ನಮ್ಮ ತೆರಿಗೆ ದುಡ್ಡು." ಒಂದು ರೋಲ್ ಬ್ಯಾಂಡೇಜಿಗೆ ಕಣ್ಣು ಕೆಂಪು ಮಾಡುತ್ತೀರಿ, ಸೋಂಕು ರಕ್ತಕ್ಕೇರಿ ಹೃದಯದ ಕವಾಟ ಹಾಳಾದರೆ ವಾರಗಟ್ಟಲೆ ಆಸ್ಪತ್ರೆ, ಅದಕ್ಕೆ ಯಾರ ದುಡ್ಡು? ಲೆಕ್ಕ ಬೇಕಾದರೆ ಲೆಕ್ಕವೇ ಮಾಡಿ, ಸುಮ್ನೆ ಉಪದೇಶ ಮಾಡಬೇಡಿ. ಮನೆಗೆ ಬೆಂಕಿ ಬಿದ್ದಾಗ "ಮೊದಲು ಸಿಗರೇಟು ಬಿಡು, ಆಮೇಲೆ ನೀರು" ಅನ್ನುತ್ತೀರಾ? ಅನ್ನುತ್ತೀರೇನೋ, ನಿಮ್ಮನ್ನು ನಂಬಲಾಗದು.

ಬರೆದಿಟ್ಟ ಚೀಟಿ ಮುಗೀತು, ಕೋಪ ಮುಗಿದಿಲ್ಲ. ಮದ್ದು ಕೊಡಿ, ಕೂರಿಸಿ, ಕೈ ನೋಡಿ. ಇನ್ನೂ ಎಷ್ಟು ಸಲ ಹೇಳಲಿ? ಡ್ರೆಸ್ಸಿಂಗ್ ಮಾಡುವ ನರ್ಸ್‌ಗಳು ಕೇಳುತ್ತಿದ್ದರೆ, ಅಂಟಿದ ಗಾಜ್ ಬಿಡಿಸುವ ನಿಮ್ಮ ಉಪಾಯ ಕೆಳಗೆ ಬರೆಯಿರಿ, ಮುಂದಿನ ಎಪಿಸೋಡಿನಲ್ಲಿ ಓದುತ್ತೇನೆ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಜಗಳ ಆಡುವವರೂ ಮಾಡಿ, ಅವರೂ ಎಣಿಕೆಗೆ ಬರುತ್ತಾರೆ.