ಕಡಲು ಮೇಲೆದ್ದದ್ದು ಆಕಾಶದಲ್ಲಿ ಕಂಡದ್ದು ಹೇಗೆ?

(ತೆರೆಯ ಮೇಲೆ: ಜಪಾನಿನ ಪೂರ್ವ ಕರಾವಳಿಯ ನಕ್ಷೆ)

ನಮಸ್ಕಾರ. 2011ರ ಮಾರ್ಚ್ 11ರಂದು, ಜಪಾನಿನ ಕಾಲಮಾನದಂತೆ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ, ತೊಹೊಕು ಕರಾವಳಿಯಾಚೆ ಕಡಲತಳ ಕಂಪಿಸಿತು. ಅಲ್ಲಿನ ಹವಾಮಾನ ಸಂಸ್ಥೆ ಮೂರೇ ನಿಮಿಷಗಳಲ್ಲಿ ಸುನಾಮಿ ಎಚ್ಚರಿಕೆ ನೀಡಿತು. ಆದರೆ ಕಂಪನದ ತೀವ್ರತೆ 7.9 ಎಂಬ ಮೊದಲ ಅಂದಾಜಿನ ಮೇಲೆ ಲೆಕ್ಕ ಹಾಕಿದ್ದರಿಂದ, ಇವಾತೆ ಮತ್ತು ಫುಕುಶಿಮಾ ತೀರಗಳಿಗೆ ಅದು ತಿಳಿಸಿದ್ದು ಕೇವಲ 3 ಮೀಟರ್ ಎತ್ತರದ ಅಲೆಗಳನ್ನು. ನಿಜವಾದ ತೀವ್ರತೆ 9.0 ಆಗಿತ್ತು, ಅಲೆಗಳು ಹಲವೆಡೆ 10 ಮೀಟರನ್ನೂ ಮೀರಿದವು.

ನೂರಾರು ಕಿಲೋಮೀಟರ್ ಉದ್ದಕ್ಕೆ ಒಮ್ಮೆಲೇ ಮೇಲೆದ್ದ ಕಡಲು ತನ್ನ ಮೇಲಿನ ಗಾಳಿಯನ್ನೂ ನೂಕಿತ್ತು. ಆ ಒತ್ತಡದ ಅಲೆ ಮೇಲೇರಿದಂತೆ ಗಾಳಿ ವಿರಳವಾಗುತ್ತಾ ಹೋಗುವುದರಿಂದ ಅದರ ತೂಗಾಟ ಸಾವಿರಾರು ಪಟ್ಟು ಹಿಗ್ಗುತ್ತದೆ. ಸುಮಾರು 300 ಕಿ.ಮೀ. ಎತ್ತರದಲ್ಲಿ ಅದು ಅಯಾನುಮಂಡಲವನ್ನು, ಅಂದರೆ ಸೂರ್ಯನ ಅತಿನೇರಳೆ ಕಿರಣಗಳು ಎಲೆಕ್ಟ್ರಾನುಗಳನ್ನು ಬಿಡಿಸಿಟ್ಟಿರುವ ಪದರವನ್ನು, ಅಲುಗಿಸುತ್ತದೆ.

(ತೆರೆಯ ಮೇಲೆ: ಉಪಗ್ರಹದಿಂದ ನೆಲಕ್ಕೆ ಇಳಿಯುವ ಎರಡು ಗೆರೆಗಳು)

ಇದನ್ನು ಅಳೆಯಲು ರಾಕೆಟ್ಟನ್ನು ಹಾರಿಸಬೇಕಾಗಿಲ್ಲ. ಜಿಪಿಎಸ್ ಉಪಗ್ರಹಗಳು 1575.42 ಮತ್ತು 1227.60 ಮೆಗಾಹರ್ಟ್ಸ್‌ಗಳಲ್ಲಿ ಸಂಕೇತಗಳನ್ನು ಕಳುಹಿಸುತ್ತಲೇ ಇರುತ್ತವೆ. ದಾರಿಯಲ್ಲಿ ಸಿಗುವ ಎಲೆಕ್ಟ್ರಾನುಗಳು ಎರಡನ್ನೂ ತಡೆದು ನಿಧಾನಗೊಳಿಸುತ್ತವೆ. ಕಡಿಮೆ ಆವರ್ತಾಂಕದ್ದಕ್ಕೆ ವಿಳಂಬ ಹೆಚ್ಚು. ಎರಡರ ನಡುವಿನ ವ್ಯತ್ಯಾಸವೇ ದಾರಿಯುದ್ದಕ್ಕೂ ಎಷ್ಟು ಎಲೆಕ್ಟ್ರಾನುಗಳಿವೆ ಎಂಬ ಲೆಕ್ಕವನ್ನು ಕೊಡುತ್ತದೆ. ಒಂದು ಚದರ ಮೀಟರ್ ಅಗಲದ ಸ್ತಂಭದಲ್ಲಿ ನೂರು ಕೋಟಿ ಕೋಟಿ ಎಲೆಕ್ಟ್ರಾನುಗಳು ಹೆಚ್ಚಾದರೆ ಮೊದಲ ಸಂಕೇತ ಸೂಚಿಸುವ ದೂರ ಸುಮಾರು 16 ಸೆಂಟಿಮೀಟರ್ ಹಿಗ್ಗುತ್ತದೆ. ಉತ್ತಮ ರಿಸೀವರುಗಳು ಇದರ ಕೆಲವೇ ಶತಾಂಶಗಳಷ್ಟು ಏರಿಳಿತವನ್ನೂ ಹಿಡಿಯಬಲ್ಲವು. ಹಗಲು-ರಾತ್ರಿಯ ನಿಧಾನವಾದ ಬದಲಾವಣೆಯನ್ನು ಸೋಸಿ ತೆಗೆದರೆ, ಕೆಲವೇ ನಿಮಿಷಗಳ ಅವಧಿಯ ತರಂಗ ಉಳಿಯುತ್ತದೆ.

ಭೂಮಿಯ ಹೊರಪದರದ ಚಲನೆಯನ್ನು ಗಮನಿಸಲು ಜಪಾನು ಕಟ್ಟಿದ್ದ ಜಿಯೊನೆಟ್ ಜಾಲದಲ್ಲಿ ಸುಮಾರು 1200 ರಿಸೀವರುಗಳಿದ್ದವು. ಅವುಗಳ ದತ್ತಾಂಶವನ್ನು ಒಟ್ಟುಗೂಡಿಸಿದಾಗ, ಕಂಪನವಾದ ಹತ್ತು ನಿಮಿಷಗಳೊಳಗೇ ಎಲೆಕ್ಟ್ರಾನುಗಳಲ್ಲಿ ಉಂಗುರಾಕಾರದ ಅಲೆಗಳು ಹರಡಿದ್ದು ಕಂಡಿತು. ಆ ಉಂಗುರಗಳ ಕೇಂದ್ರ ಭೂಕಂಪದ ಕೇಂದ್ರದಲ್ಲಿರಲಿಲ್ಲ. ಅಲ್ಲಿಂದ ಸುಮಾರು 170 ಕಿ.ಮೀ. ಆಗ್ನೇಯಕ್ಕಿತ್ತು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳೇ ಇದು. ಭೂಕಂಪಮಾಪಕ ಬಿರುಕು ಎಲ್ಲಿ ಶುರುವಾಯಿತು ಎಂಬುದನ್ನು ಹೇಳಿದರೆ, ಅಯಾನುಮಂಡಲ ಕಡಲು ಎಲ್ಲಿ ಮೇಲೆದ್ದಿತು ಎಂಬುದನ್ನು ಹೇಳಿತು. ತೀರದಲ್ಲಿರುವವರಿಗೆ ಬೇಕಾದದ್ದು ಎರಡನೆಯ ಮಾಹಿತಿ. ದುರದೃಷ್ಟವಶಾತ್ ಅಂದು ಈ ವಿಶ್ಲೇಷಣೆ ನಡೆದದ್ದು ಘಟನೆಯ ನಂತರ.

(ತೆರೆಯ ಮೇಲೆ: ಪೆಸಿಫಿಕ್ ಸಾಗರ)

ಎಲ್ಲ ಕಡೆ, ಎಲ್ಲ ಹೊತ್ತಿನಲ್ಲಿ ಇದು ಇಷ್ಟು ಸುಲಭವಲ್ಲ. ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವ ದಕ್ಷಿಣ ಭಾರತದ ಮೇಲೆ ಸೂರ್ಯಾಸ್ತದ ನಂತರ ಏಳುವ ಪ್ಲಾಸ್ಮಾ ಗುಳ್ಳೆಗಳು, ಅಂದರೆ ಅಯಾನುಮಂಡಲದಲ್ಲಿ ಎಲೆಕ್ಟ್ರಾನುಗಳು ವಿರಳವಾಗಿರುವ ಭಾಗಗಳು, ಸಂಕೇತಗಳನ್ನು ಕಲಕಿಬಿಡುತ್ತವೆ. ಸೌರ ಬಿರುಗಾಳಿಗಳ ಸಮಯದಲ್ಲಿ ಧ್ರುವಗಳ ಕಡೆಯಿಂದಲೂ ಅಲೆಗಳು ಬರುತ್ತವೆ. ವೇಗ, ಅವಧಿ ಮತ್ತು ದಿಕ್ಕುಗಳನ್ನು ನೋಡಿಯೇ ಇವುಗಳನ್ನು ಬೇರ್ಪಡಿಸಬೇಕು. ಆದರೂ ಕೆಲಸ ಮುಂದುವರಿದಿದೆ. 2025ರ ಜುಲೈಯಲ್ಲಿ ಕಮ್ಚಾಟ್ಕಾ ಬಳಿ 8.8 ತೀವ್ರತೆಯ ಭೂಕಂಪವಾದಾಗ, ನಾಸಾದ ಜೆಪಿಎಲ್ ಪ್ರಯೋಗಾಲಯ ರೂಪಿಸಿದ ಗಾರ್ಡಿಯನ್ ಎಂಬ ವ್ಯವಸ್ಥೆ ಅಯಾನುಮಂಡಲದ ಕಲಕನ್ನು ಸುಮಾರು 20 ನಿಮಿಷಗಳಲ್ಲಿ ಗುರುತಿಸಿತು. ಹವಾಯಿಗೆ ಅಲೆಗಳು ತಲುಪುವ ಅರ್ಧ ಗಂಟೆಗೂ ಮೊದಲೇ ಅವು ಬರುತ್ತಿರುವುದು ಅದರಿಂದ ಖಚಿತವಾಗಿತ್ತು.